ಹೊದಿಸಲು ಬಿಡದ ಕೌದಿ

ಮಂಗಳವಾರ, ೧೨ ನವೆಂಬರ್ ೨೦೨೪. ಕುರುಗೋಡು.

ಕೂತಲ್ಲೇ ಕಣ್ಣು ಹತ್ತಿತ್ತು. ಕನಸಿನಲ್ಲಿ ನನ್ನ ಹೆಂಡತಿ ಹುಲಿಗೆಮ್ಮ ಸಿರುಗುಪ್ಪದ ಕಾಲುವೆಯ ಎದೆಮಟ ನೀರಿನಲ್ಲಿ ನಿಂತು ನಡುಗುತ್ತಿದ್ದಳು. ನಾನು ದಂಡೆಯ ಮೇಲೆ ಕೌದಿ ಹಿಡಿದು ನಿಂತಿದ್ದೆ, ಕೈ ನಿಲುಕಲಿಲ್ಲ.

ಮಧ್ಯಾಹ್ನ ಬಳ್ಳಾರಿಯಲ್ಲೂ ಹಾಗೇ ಆಯಿತು. ಪಿತ್ತಕೋಶದ ಆಪರೇಷನ್ ಮುಗಿಸಿ ಹೊರಗೆ ತಂದಾಗ ಅವಳ ಹಲ್ಲು ಕಟಕಟ ಅನ್ನುತ್ತಿದ್ದವು. ಹಳೇ ಸೀರೆಗಳಲ್ಲಿ ಅವಳೇ ಹೊಲಿದ ಕೌದಿ ಹೊದಿಸಲು ಹೋದೆ. ನರ್ಸಮ್ಮ ತಡೆದಳು.

"ಮನೀದು ಹಾಕಬ್ಯಾಡ್ರಿ ಅಣ್ಣಾ. ಇದು ಚಳಿಜ್ವರ ಅಲ್ಲ. ಪೂರ್ತಿ ಮತ್ತು ಬರೋ ಔಷಧ ಕೊಟ್ಟಿದ್ವಿ, ಅದು ಇಳಿಯೋ ಮುಂದ ಹಿಂಗ ನಡುಕ ಬರತೈತಿ. ಬಿಸಿಗಾಳಿ ಹೊದಿಕಿ ಹಾಕತೀವಿ, ಇಂಜೆಕ್ಷನ್ನೂ ಕೊಡತೀವಿ."

ಹುಲಿಗೆಮ್ಮ ಕಣ್ಣು ಬಿಟ್ಟು ನನ್ನ ಕೈ ನೋಡಿದಳು. "ಕೊಯ್ದಿದ್ದು ನನಗ... ನೀವ್ಯಾಕ ನಡಗತೀರಿ?"

ಅರ್ಧ ತಾಸಿನಲ್ಲಿ ಅವಳ ನಡುಕ ನಿಂತಿತು. ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರು ಇರುವಂತಿಲ್ಲ. ಅವಳ ತಂಗಿ ಅರುಣಾಳನ್ನು ಬಿಟ್ಟು, ಕೌದಿ ಹೊತ್ತುಕೊಂಡು ಬಸ್ಸು ಹತ್ತಿದೆ.

ಇಪ್ಪತ್ತೆರಡು ವರ್ಷದಲ್ಲಿ ಈ ಕೌದಿಯೊಳಗೆ ಒಬ್ಬನೇ ಮಲಗಿದ್ದಿಲ್ಲ. ಅವಳು ನಿದ್ದೆಯಲ್ಲಿ ಎಳೆದುಕೊಳ್ಳುತ್ತಾಳೆ, ನನ್ನ ಕಾಲು ಬಯಲಾಗುತ್ತದೆ, ದಿನಾ ಜಗಳ. ಇವತ್ತು ಪೂರ್ತಿ ನನ್ನದೇ. ಆದರೂ ಅರ್ಧವನ್ನೇ ಹೊದ್ದಿದ್ದೇನೆ.

ಅರುಣಾಗೆ ಎರಡು ಸಲ ಫೋನ್ ಮಾಡಿದೆ. "ಬೆಚ್ಚಗ ಮಲಗ್ಯಾಳ ಮಾವಾ, ನೀವೂ ಮಲಕ್ಕೋರಿ" ಅಂದಳು. ಹೊದಿಕೆ ಅವಳ ಪಾದದವರೆಗೆ ಇದೆಯೋ ಎಂದು ಕೇಳಲು ಮರೆತೆ. ಬೈದರೆ ಬೈಯಲಿ, ಇನ್ನೊಂದು ಸಲ ಮಾಡುತ್ತೇನೆ. ಅರುಣಾ, ಅವಳ ಪಾದ ಮುಚ್ಚೈತೋ ಇಲ್ಲೋ, ಒಮ್ಮೆ ಮುಟ್ಟಿ ನೋಡವ್ವಾ...