‘ಆದಿ: ಲುಪ್ತ’

ಗುಡೂರು

ಪ್ರೊಫೆಸರ್ ಸಂಗನಬಸಪ್ಪನವರಿಗೆ,

ಶರಣು ಅಂತ ಬರೀಲಿಕ್ಕೆ ಮನಸ್ಸಿಲ್ಲ. ನಿಮ್ಮ ಹಸ್ತಪ್ರತಿ ಸೂಚಿ ನೋಡಿದೆ. ನಮ್ಮ ಮನಿ ತಾಡೋಲಿ ಕಟ್ಟಿನ ಮುಂದ ‘ಆದಿ: ಲುಪ್ತ’ ಅಂತ, ಅಂದ್ರ ಮೊದಲ ಸಾಲು ಕಳದೈತಿ ಅಂತ ಬರದೀರಿ. ಕಳದಿಲ್ರಿ. ಆ ಮೊದಲ ಗರಿನ ನಮ್ಮತ್ತಿ ಗುರುಸಿದ್ದವ್ವನ ಎದಿ ಮ್ಯಾಲಿಟ್ಟು ಮಣ್ಣ ಮಾಡೀವಿ. ಅಕಿನ ಹಂಗ ಬೇಡಿದ್ಲು, ಸಾಯೋ ಮೊದಲ ಆ ಸಾಲು ನನಗ ಬಾಯಿಪಾಠ ಮಾಡಿಸಿದ್ಲು.

ಪಡಸಾಲ್ಯಾಗ ಎರಡು ದಿನ ಕುಂತು ನೀವು ನಮ್ಮ ಮನಿಯವರನ್ನಷ್ಟ ಕೇಳಿದ್ರಿ. ಅವರಿಗೆ ಬರಂಗಿಲ್ಲ. ಚಹಾ ತಂದಾಕಿಗೆ ಬರ್ತಿತ್ತು. ಈ ಪತ್ರ ಓದಿ ಗೊತ್ತಾತಂತ ದಿನಾ ಫೋನ್ ಮಾಡಬ್ಯಾಡ್ರಿ, ನಾ ಹೇಳಾಂಗಿಲ್ಲ. ನೀವು ಒಯ್ದ ಕಟ್ಟು, ಅದಕ್ಕ ಸುತ್ತಿದ್ದ ಕೆಂಪು ವಸ್ತ್ರದ ಸಮೇತ ವಾಪಸ್ ಕಳಸ್ರಿ.

ಮುಂದಿನ ಮುದ್ರಣದಾಗ ಖರೇದು ಬರೀರಿ: ‘ಆದಿ: ಇದೆ. ಆ ಮನೆಯ ಸೊಸೆಯನ್ನು ನಾನು ಕೇಳಲಿಲ್ಲ.’

ದಾನಮ್ಮ