ಬಸ್ಸಿನ ಮೇಲೆ ಬರೆದದ್ದು

ಡಿಸೆಂಬರ್ 3
ಇವತ್ತೂ ಹೋಟೆಲುಗಳ ಹಳೇ ಎಣ್ಣೆ ಸೋಸಿದೆ. ಅದರಿಂದಲೇ ನಮ್ಮ ಕಾರ್ಖಾನೆಯ ಬಯೋಡೀಸೆಲ್. ಮೈಯೆಲ್ಲ ಕರಿದ ವಾಸನೆ. ದಿನವಿಡೀ ಕೂರಲಾರೆ ಎಂದು ಸ್ಕೂಲು ಬಿಟ್ಟೆ. ಇಲ್ಲಿ ದಿನವಿಡೀ ನಿಂತಿರುತ್ತೇನೆ.

ಅಕ್ಕನ ಬಲಗೈಗೆ ಇನ್ನೂ ಬ್ಯಾಂಡೇಜು. ಕೈಗವಸು ತೂತಾಗಿದೆ ಎಂದು ಮಾಲೀಕನಿಗೆ ಎರಡು ಸಲ ಹೇಳಿದ್ದಳು. ಎಣ್ಣೆಗೆ ಬೆರೆಸುವ ಕಾಸ್ಟಿಕ್ ಸೋಡಾ ಒಳಗಿಳಿದು ಕೈ ಸುಟ್ಟಿತು. ಅವನು ಎಲ್ಲರೆದುರು ಅಂದದ್ದು— “ಮೈಮೇಲೆ ಎಚ್ಚರ ಇಲ್ದೋರಿಗೆ ನಾನೇನ್ ಮಾಡ್ಲಿ?”

ಬಿಡುವುದಿಲ್ಲ ಅವನನ್ನು.

ಡಿಸೆಂಬರ್ 9
ಶನಿವಾರ ಅಧಿಕಾರಿಯೆದುರು ನಮ್ಮ ಇಂಧನದ ಪ್ರದರ್ಶನ. ಮಾಲೀಕ ಕಾರ್ಖಾನೆಯ ಬಸ್ಸಿಗೆ ಹಸಿರು ಬಳಿದು ‘ನೂರಕ್ಕೆ ನೂರು ಅಡುಗೆ ಎಣ್ಣೆಯ ಇಂಧನ’ ಎಂದು ಬರೆಸಿದ್ದಾನೆ. ದಿನಾ ತುಂಬಿಸುವುದು ಮಾತ್ರ ಬಂಕಿನ ಡೀಸೆಲ್. ನಮ್ಮದು ಚಳಿಗೆ ಮೇಣದಂತೆ ಗಟ್ಟಿಯಾಗುತ್ತದೆ, ಅವನಿಗೆ ಗೊತ್ತು.

ಬರೆದದ್ದನ್ನೇ ಟ್ಯಾಂಕಿಗೆ ಹಾಕುತ್ತೇನೆ. ಇದರಲ್ಲಿ ಮೋಸ ಎಲ್ಲಿದೆ?

ಡಿಸೆಂಬರ್ 10
ಅಕ್ಕನಿಗೆ ಹೇಳಿಬಿಟ್ಟೆ. ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ನನಗೆ.

“ಬಸ್ ನಿಂತ್ರೆ ಜನ ಅವನನ್ನ ಬೈಯಲ್ಲ ಕಣೇ, ಎಣ್ಣೇನ ಬೈತಾರೆ. ನಾಲ್ಕು ಪಾಲು ಡೀಸೆಲ್‌ಗೆ ಒಂದು ಪಾಲು ನಮ್ಮದು ಬೆರೆಸು, ಚಳೀಲೂ ಓಡುತ್ತೆ. ಅಷ್ಟಾದ್ರೂ ಡೀಸೆಲ್ ಉಳೀತಲ್ಲ?”

“ನಿನ್ನ ಕೈ?”

“ಕೈ ನಂದು. ನೀನ್ಯಾಕೆ ಕುದೀತೀಯ?”

ಎಣ್ಣೆ ಮೇಲೆ ಅವಳಿಗೆ ಪ್ರೀತಿ. ನನಗಿಲ್ಲ.

ಡಿಸೆಂಬರ್ 14, ಬೆಳಿಗ್ಗೆ ಐದೂವರೆ
ಡೀಸೆಲ್ ಪೂರ್ತಿ ಇಳಿಸಿ ನಮ್ಮದು ತುಂಬಿಸಿದೆ, ಬೆಚ್ಚಗಿರುವಾಗಲೇ. ಹೊರಡುವಷ್ಟರಲ್ಲಿ ತಣಿಯುತ್ತದೆ. ಉಸಿರು ಹೊಗೆಯಾಗುವಷ್ಟು ಚಳಿ. ಒಳ್ಳೆಯದೇ ಆಯಿತು.

ಅದೇ ದಿನ, ಸಂಜೆ
ಬಸ್ಸು ಕರಿದ ವಾಸನೆ ಬಿಡುತ್ತಾ ಸೇತುವೆಯ ಏರಿನವರೆಗೆ ಹೋಯಿತು. ಕೆಮ್ಮಿತು. ನಿಂತಿತು.

“ಏನೇ ಹಾಕ್ದೆ?” ಮಾಲೀಕನ ಮುಖದಲ್ಲಿ ರಕ್ತವಿರಲಿಲ್ಲ.

“ನೀವು ಬರೆಸಿದ್ದನ್ನೇ.”

ಒಳಗಿದ್ದವರಿಗೆಲ್ಲ ಕೇಳುವಂತೆ ಹೇಳಿದೆ. ದಿನಾ ಹಾಕುವುದು ಡೀಸೆಲ್ ಎಂಬುದನ್ನೂ. ಬಂದಿದ್ದ ಅಧಿಕಾರಿ ನಕ್ಕ: “ಹಾಗಾದ್ರೆ ಡೀಸೆಲ್ಲೇ ವಾಸಿ ಬಿಡಿ!” ಮಾಲೀಕ ನೆಲ ನೋಡಿದ. ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ— ಈಗಲೂ ತಣ್ಣಗಿದೆ.

ಡಿಸೆಂಬರ್ 27
ನಮ್ಮ ಎಣ್ಣೆ ಯಾರೂ ಕೊಳ್ಳುತ್ತಿಲ್ಲ, ಕಾರ್ಖಾನೆಗೆ ಬೀಗ. ಹೋಟೆಲಿನವರು ಹಳೇ ಎಣ್ಣೆಯನ್ನು ಮತ್ತೆ ಮೋರಿಗೆ ಸುರಿಯುತ್ತಿದ್ದಾರೆ. ಬೀದಿಗೆಲ್ಲ ಜಿಡ್ಡು.

ಅಕ್ಕನ ಬ್ಯಾಂಡೇಜು ಬಿಚ್ಚಿದರು. ಎರಡು ಬೆರಳು ಮಡಚುವುದಿಲ್ಲ. ಬಸ್ಸು ನಿಂತ ದಿನದಿಂದ ಮಾತು ಬಿಟ್ಟಿದ್ದವಳು ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು: “ಇನ್ನೊಂದ್ಸಲ ಆ ಬೆಳಿಗ್ಗೆ ಬಂದ್ರೆ ಎಷ್ಟು ಪಾಲು ಹಾಕ್ತೀಯ?”

ಒಂದೇ ಪಾಲು ಎಂದರೆ ಅವಳು ನಗುತ್ತಿದ್ದಳು. ಬಾಯಿ ತೆರೆದೆ. ಆ ಬೆರಳುಗಳನ್ನು ನೋಡಿದೆ. “ಐದಕ್ಕೆ ಐದೂ ನಮ್ಮದೇ,” ಎಂದೆ, ನಿಜವನ್ನೇ.