ಮೇ ತಿಂಗಳ ಸಮುದ್ರ

೩ ಫೆಬ್ರವರಿ ೨೦೦೮, ಭಾನುವಾರ

ಬೆಳಿಗ್ಗೆ ಆರಕ್ಕೆ ಪೂಲ್. ಲೇಡೀಸ್ ಬ್ಯಾಚ್. ಇಪ್ಪತ್ತು ಲ್ಯಾಪ್. ಮನೆಗೆ ಬಂದರೆ ಅಮ್ಮನ ಮಾಮೂಲಿ ಮಾತು — ಮದುವೆ ಹೆಣ್ಣು ಹೀಗೆ ಕಪ್ಪಗಾದರೆ ಫೋಟೋದಲ್ಲಿ ಏನು ಕಾಣುತ್ತೆ ಅಂತ. ಮೇ ನಾಲ್ಕಕ್ಕೆ ಮಹಾಂತೇಶನ ಜೊತೆ ಮದುವೆ. ಇನ್ನು ಮೂರೇ ತಿಂಗಳು.

ಮಧ್ಯಾಹ್ನ ಡೈವಿಂಗ್ ಕಾರ್ಡ್ ತೆಗೆದು ನೋಡಿದೆ. ಡಿಸೆಂಬರಿನಲ್ಲಿ ಪೂಲಿನ ಆರು ಜನ ಗೋವಾಕ್ಕೆ ಹೋಗಿ ಕೋರ್ಸ್ ಮುಗಿಸಿದಾಗ ಕೊಟ್ಟದ್ದು. ಫೋಟೋದಲ್ಲಿ ನನ್ನ ಮೂಗು ಕೆಂಪು. ಹದಿನೆಂಟು ಮೀಟರಿನವರೆಗೆ ಇಳಿಯಬಹುದು. ನಾನೂ, ಮಹಾಂತೇಶನೂ.

ಇಲ್ಲಿ ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ, ಅವನ ಕನ್ನಡಕದಂಗಡಿಯ ಮುಂದೆ ಐದು ನಿಮಿಷ ನಿಂತರೆ ಸಾಕು, ಅಪ್ಪಾಜಿಗೆ ಯಾರೋ ಫೋನ್ ಮಾಡಿರುತ್ತಾರೆ. ನಿಶ್ಚಿತಾರ್ಥ ಆದ ಮೇಲೂ. ಗೋವಾದಲ್ಲಿ, ನೀರಿನ ಕೆಳಗೆ, ಇಪ್ಪತ್ತೆಂಟು ನಿಮಿಷ ಅವನ ಕೈ ಹಿಡಿದುಕೊಂಡಿದ್ದೆ. ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವವಳು ನಾನು, ದಿನವೆಲ್ಲ ಕೈಯಲ್ಲೇ ಮಾತು. ಅವನಿಗೆ ಅದು ಹೊಸತು. ಏನೋ ಹೇಳಲು ಹೋಗಿ ಇನ್ನೇನೋ ಸನ್ನೆ ಮಾಡುತ್ತಿದ್ದ. ನಗು ಬಂದು ಮಾಸ್ಕಿನೊಳಗೆ ನೀರು ನುಗ್ಗಿತ್ತು.

ಮತ್ತೆ ಯಾವಾಗ...

೯ ಫೆಬ್ರವರಿ

ಅರಸು ರಸ್ತೆಯ ಟ್ರಾವೆಲ್ಸಿಗೆ ಹೋದೆವು. ತಂಗಿ ಲಾಸ್ಯ ಕಾವಲಿಗೆ. ಅಲ್ಲಿನ ಗೋವಿಂದರಾಜು ಕೈ ಮುಗಿದು ಕೂರಿಸಿದರು.

"ಹನಿಮೂನಾ ಸಾರ್? ಬ್ಯಾಂಕಾಕ್–ಪಟ್ಟಾಯ ತಗೊಂಬುಡಿ. ಗಾಜಿನ ದೋಣೀಲಿ ಕೂರ್ಸಿ ಮೀನು ತೋರುಸ್ತಾರೆ."

"ನಾವು ಮೀನಿನ ಹತ್ರಕ್ಕೇ ಹೋಗ್ಬೇಕು," ಅಂದೆ.

ಅವರು ಮಹಾಂತೇಶನ ಕಡೆ ತಿರುಗಿದರು. "ಮೇಡಂಗೆ ಈಜು ಬರುತ್ತಾ ಸಾರ್?"

"ನನಗಿಂತ ಚೆನ್ನಾಗಿ," ಅಂದ ಅವನು. ಅಷ್ಟು ಗಂಭೀರವಾಗಿ ಅಂದ. ದಾರಿಯುದ್ದಕ್ಕೂ ಅದೇ ಮಾತು ಕಿವಿಯಲ್ಲಿ.

೧೬ ಫೆಬ್ರವರಿ

ಸೈಬರ್ ಕೆಫೆ. ಗೋವಾದಲ್ಲಿ ಕಲಿಸಿದ ಸಂಜಯ್ ಅವರ ಉತ್ತರ ಬಂದಿದೆ. ಮೇ ತಿಂಗಳು ಅಂದದ್ದಕ್ಕೆ ನಕ್ಕಿದ್ದಾರೆ. ನಮ್ಮ ಕಡೆ ಮುಹೂರ್ತ ಇಡುವವರು ಸಮುದ್ರವನ್ನು ಕೇಳಿ ಇಡುವುದಿಲ್ಲ ಅಂತ.

ಲಕ್ಷದ್ವೀಪ — ಆಗಲೇ ಮಳೆಗಾಲದ ಬಾಗಿಲು, ದೋಣಿಗಳ ಭರವಸೆ ಇಲ್ಲ. ಅಂಡಮಾನ್ — ಮೇ ಮೊದಲ ವಾರ ಪರವಾಗಿಲ್ಲ, ಆಮೇಲೆ ಗಾಳಿ ಹೇಗೆ ತಿರುಗುತ್ತೋ. ಮಾಲ್ಡೀವ್ಸ್ — ಚೆಂದ, ಆದರೆ ಕೆಲವು ಕಡೆ ಸೆಳೆತ ಜೋರು. ನಾಲ್ಕೇ ಸಲ ಇಳಿದವರಿಗೆ ಅವಸರ ಬೇಡ. ಮಲೇಷ್ಯಾದ ಪೂರ್ವ ಕಡಲಲ್ಲಿ ಪೆರ್ಹೆಂಟಿಯನ್ ಅಂತ ಎರಡು ಪುಟ್ಟ ದ್ವೀಪ. ಮೇನಲ್ಲಿ ಅಲ್ಲಿ ನೀರು ಕೊಳದಂತೆ. ಹತ್ತು ಮೀಟರಿನಲ್ಲೇ ಹವಳ, ಆಮೆ. ಹೊಸಬರಿಗೆ ಹೇಳಿ ಮಾಡಿಸಿದ ಜಾಗ.

ಪ್ರಿಂಟ್ ತೆಗೆಸಿದೆ. ಬಸ್ಸಿನಲ್ಲಿ ಮೂರು ಸಲ ಓದಿದೆ. ಪೆರ್ಹೆಂಟಿಯನ್. ಬಾಯಿಗೆ ಹೊಂದದ ಹೆಸರು, ಆದರೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೇನೆ.

೨ ಮಾರ್ಚ್, ಭಾನುವಾರ

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ. ಲಾಸ್ಯ ಚುರುಮುರಿ ತಿನ್ನುತ್ತ ಹಿಂದೆ. ಪೆರ್ಹೆಂಟಿಯನ್ನಿಗೆ ಟಿಕೆಟ್ ಆಯಿತು, ಅಂದ ಮಹಾಂತೇಶ. ಕುಣಿಯುವ ಹಾಗಾಯಿತು. ಆಮೇಲೆ ಮೆಲ್ಲಗೆ —

"ಅಮ್ಮಂಗೆ ಮುನ್ನಾರ್ ಅಂತ ಹೇಳೋಣ."

ಗೊತ್ತಿದ್ದ ವಿಷಯವೇ. ಅವನ ಅಣ್ಣ ವಿಶ್ವನಾಥ್, ಹದಿನೇಳು ವರ್ಷ, ೧೯೯೧ರಲ್ಲಿ ಶ್ರೀರಂಗಪಟ್ಟಣದ ಸಂಗಮದಲ್ಲಿ ಮುಳುಗಿ ಹೋದದ್ದು. ಮೂರನೆಯ ದಿನ ಸಿಕ್ಕಿದ. ಆವತ್ತಿನಿಂದ ಇವತ್ತಿನವರೆಗೂ ಅವನ ತಾಯಿ ಸಿದ್ದಲಿಂಗಮ್ಮನವರು ಬೆಂಗಳೂರು ಬಸ್ಸು ಅಲ್ಲಿನ ಹೊಳೆಯ ಸೇತುವೆ ದಾಟುವಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ. ಮಹಾಂತೇಶ ಈಜು ಕಲಿತದ್ದೇ ಇಪ್ಪತ್ತನಾಲ್ಕಕ್ಕೆ, ಕದ್ದು. ಈಗಲೂ ಅಂಗಡಿಯ ಟೇಬಲ್ ಫ್ಯಾನಿನ ಮುಂದೆ ತಲೆ ಒಣಗಿಸಿಕೊಂಡೇ ಮನೆಗೆ ಹೋಗುವುದು. ಗೋವಾದ ಆ ಐದು ದಿನ ಅವರ ಲೆಕ್ಕದಲ್ಲಿ ಮುಂಬೈ, ಫ್ರೇಮ್ ಖರೀದಿ.

"ಎಷ್ಟು ದಿನ ಹೀಗೆ?" ಅಂದೆ.

"ಗೊತ್ತಿಲ್ಲ ಕಣೇ. ಆ ಮುಖ ನೋಡಿದ್ರೆ ಬಾಯೇ ಬರಲ್ಲ."



೨೩ ಮಾರ್ಚ್

ಬರೆಯಲೋ ಬೇಡವೋ.

ಸೀರೆ ತೋರಿಸಲು ಕರೆಸಿದ್ದರು ಸಿದ್ದಲಿಂಗಮ್ಮನವರು. ಮಹಾಂತೇಶ ಅಂಗಡಿಯಲ್ಲಿ. ಇಬ್ಬರೇ ಇದ್ದೆವು. ರೇಷ್ಮೆ ಸೀರೆ ನನ್ನ ಹೆಗಲಿಗೆ ಹಾಕಿ, ಕನ್ನಡಿ ಮುಂದೆ ನಿಲ್ಲಿಸಿ, ನೆರಿಗೆ ಸರಿ ಮಾಡುತ್ತ ಕೇಳಿದರು.

"ಮುನ್ನಾರ್ ಅಂದ ಅವ್ನು. ಚಳಿ ಊರಂತೆ. ಸ್ವೆಟರ್ ತಗೊಂಡ್ಯಾ?"

ಹೂಂ ಅಂದರೆ ಮುಗಿಯುತ್ತಿತ್ತು. ನನಗಾಗಲಿಲ್ಲ. ಅವರು ಕುತ್ತಿಗೆಯ ಹತ್ತಿರದ ನನ್ನ ಕೂದಲನ್ನು ಎಷ್ಟು ನಾಜೂಕಾಗಿ ಸರಿಸಿದರು ಅಂದರೆ...

"ಮುನ್ನಾರ್ ಅಲ್ಲ ಅತ್ತೆ."

ಎಲ್ಲ ಹೇಳಿದೆ. ಪೂಲ್, ಗೋವಾ, ದ್ವೀಪ. ಅವರು ಬಯ್ಯಲಿಲ್ಲ. ಸೀರೆಯನ್ನು ನನ್ನ ಮೇಲಿಂದ ತೆಗೆದರು. ಮಡಿಕೆ ಮಡಿಕೆಯಾಗಿ ಮಡಿಸಿದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅರ್ಧ ಗಂಟೆ ಹಾಲಿನಲ್ಲಿ ಕೂತಿದ್ದು ಎದ್ದು ಬಂದೆ.

೨ ಏಪ್ರಿಲ್

ಹತ್ತು ದಿನ. ಮಹಾಂತೇಶನ ಫೋನಿಲ್ಲ. ನಾನು ಮಾಡಿದರೆ ತೆಗೆಯುವುದಿಲ್ಲ. ಲಗ್ನಪತ್ರಿಕೆ ಬಂದಿವೆ, ಅಪ್ಪಾಜಿ ಅರಿಶಿನ ಹಚ್ಚುತ್ತ ಕೂತಿದ್ದಾರೆ. ಅವರಿಗೆ ಏನೂ ಗೊತ್ತಿಲ್ಲ.

೫ ಏಪ್ರಿಲ್, ಶನಿವಾರ

ಸ್ಕೂಲ್ ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತಿದ್ದ. ಗಡ್ಡ ಬಂದಿತ್ತು.

"ಇಷ್ಟು ವರ್ಷ ಬಚ್ಚಿಟ್ಟಿದ್ದನ್ನ ಒಂದು ಮಧ್ಯಾಹ್ನದಲ್ಲಿ ಹೇಳ್ಬುಟ್ಯಲ್ಲ."

"ಸುಳ್ಳು ಹೇಳ್ಕೊಂಡು ಆ ಮನೆಗೆ ಬರೋಕೆ ನನ್ನಿಂದ ಆಗಲ್ಲ."

"ನನ್ನನ್ನ ಒಂದು ಮಾತು ಕೇಳ್ಬೋದಿತ್ತು."

ಕೇಳಬಹುದಿತ್ತು. ನಿಜ.

ಎರಡು ದಿನ ಊಟ ಬಿಟ್ಟಿದ್ದರಂತೆ ಅತ್ತೆ. ಕೊನೆಗೆ ಇವನು ಲಿಂಗ ಮುಟ್ಟಿ ಮಾತು ಕೊಟ್ಟಿದ್ದಾನೆ — ಇನ್ನು ನೀರಿಗಿಳಿಯುವುದಿಲ್ಲ. ಮದುವೆ ಬೇಡ ಅಂತ ಮಾತ್ರ ಅವರು ಒಂದು ಸಲವೂ ಅನ್ನಲಿಲ್ಲವಂತೆ.

"ಹಾಗಾದ್ರೆ ಮುನ್ನಾರಿಗೇ ಹೋಗೋಣ," ಅಂದೆ.

"ಬೇಡ. ಆ ಸಮುದ್ರ ನೋಡ್ಲೇಬೇಕು ನಂಗೆ. ನೀನು ಇಳಿ. ನಾನು ದಡದಲ್ಲಿರ್ತೀನಿ."

ಮಕ್ಕಳು ನಮ್ಮ ಸುತ್ತ ನಿಂತು ನೋಡುತ್ತಿದ್ದವು. ಒಬ್ಬಳು ಕೈಯಲ್ಲೇ ಕೇಳಿದಳು, ಮಿಸ್ ಯಾಕೆ ಅಳ್ತಿದ್ದೀರಿ ಅಂತ.

೭ ಮೇ

ಮದುವೆ ಆಯಿತು. ಬರೆಯಲು ಪುರುಸೊತ್ತೇ ಇಲ್ಲ. ನಾಳೆ ಹೊರಡುವುದು. ಅತ್ತೆ ಇಬ್ಬರ ಹಣೆಗೂ ವಿಭೂತಿ ಹಚ್ಚಿದರು. ನನಗೆ ಹಚ್ಚುವಾಗ ಬೆರಳು ಒಂದು ಗಳಿಗೆ ನಿಂತಿತು. "ಹುಷಾರು ಕಣಮ್ಮ." ಅಷ್ಟೇ. ಆ ಮಧ್ಯಾಹ್ನದ ನಂತರ ನನ್ನೊಡನೆ ಆಡಿದ ಮೊದಲ ಮಾತು.

೧೧ ಮೇ, ಪೆರ್ಹೆಂಟಿಯನ್

ಸಂಜಯ್ ಹೇಳಿದ್ದು ಸುಳ್ಳಲ್ಲ. ಅಲೆ ಅನ್ನುವುದೇ ಇಲ್ಲ. ದೋಣಿ ಕಟ್ಟುವ ಜೆಟ್ಟಿಯ ಮೇಲೆ ನಿಂತರೆ ತಳದ ಮರಳು ಕಾಣುತ್ತೆ.

ಇಂದು ಇಳಿದೆ. ಇಲ್ಲಿನ ಕಲಿಸುವವರು ಹಸನ್ ಅಂತ, ಅವರ ಜೊತೆ. ನೀಲಿ ಬಾಯಿಯ ಕಪ್ಪೆಚಿಪ್ಪು, ಹವಳದ ಕೆಳಗೆ ಮಲಗಿದ್ದ ಆಮೆ. ಆಮೆ ಎದ್ದು ಮೇಲೆ ಹೋಗುವಾಗ ನನ್ನ ಪಕ್ಕದಲ್ಲೇ ಹಾದುಹೋಯಿತು. ನೋಡು ಅಂತ ಎಡಗೈ ಚಾಚಿದೆ. ಅಲ್ಲಿ ಬರೀ ನೀರು. ಹಸನ್ ಬಲಗಡೆ, ಎಷ್ಟೋ ದೂರ.

ಮೇಲೆ ಬಂದಾಗ ಮಹಾಂತೇಶ ಜೆಟ್ಟಿಯ ಮೆಟ್ಟಿಲ ಮೇಲೆ ಕೂತಿದ್ದ, ಪ್ಯಾಂಟು ಮಡಿಸಿಕೊಂಡು. ಕಾಲನ್ನೂ ನೀರಿಗೆ ಬಿಟ್ಟಿರಲಿಲ್ಲ.

"ಏನೇನು ಕಂಡೆ? ಎಲ್ಲಾ ಹೇಳು. ಒಂದೂ ಬಿಡಬೇಡ."

ಹೇಳಿದೆ. ಆಮೆಯದು ಹೇಳುವಾಗ ಮುಖ ಆ ಕಡೆ ತಿರುಗಿಸಿಕೊಂಡ.

೧೨ ಮೇ

ಇಂದು ಇಳಿಯುವುದಿಲ್ಲ ಅಂದೆ. ಕೇಳಲಿಲ್ಲ. ನನ್ನ ಮಾಸ್ಕನ್ನು ತಾನೇ ಒರೆಸಿ, ಬೆಳಕಿಗೆ ಹಿಡಿದು, ಮತ್ತೆ ಒರೆಸಿ ಕೊಟ್ಟ. ಕನ್ನಡಕದಂಗಡಿಯವನ ಕೈ. ಅಷ್ಟು ಸ್ವಚ್ಛವಾದ ಗಾಜಿನಿಂದ ನಾನು ಏನನ್ನೂ ಸರಿಯಾಗಿ ನೋಡಲಿಲ್ಲ. ಇಪ್ಪತ್ತು ನಿಮಿಷಕ್ಕೇ ಮೇಲೆ ಬಂದುಬಿಟ್ಟೆ. ಕಿವಿ ನೋವು ಅಂದೆ. ಸುಳ್ಳು.

ಹೀಗಾಗುತ್ತೆ ಅಂತ ಗೊತ್ತಿದ್ದರೆ ಹೂಂ ಅನ್ನುತ್ತಿದ್ದೆನಾ ಆವತ್ತು? ಸ್ವೆಟರ್ ತಗೊಂಡೆ ಅತ್ತೆ, ಅನ್ನುತ್ತಿದ್ದೆನಾ?

೧೩ ಮೇ, ಬೆಳಿಗ್ಗೆ ಒಂಬತ್ತೂವರೆ

ಡೈವ್ ಅಂಗಡಿಯ ಫೋನಿನಿಂದ ಮನೆಗೆ ಮಾಡಿದ. ರಿಸೀವರಿಗೆ ನಾನೂ ಕಿವಿ ಕೊಟ್ಟಿದ್ದೆ. ಲೈನಿನಲ್ಲಿ ಗರಗರ.

"ಶಿಲ್ಪ ಎಲ್ಲಿ?" ಅತ್ತೆ ಮೊದಲು ಕೇಳಿದ್ದೇ ನನ್ನನ್ನು.

"ಇಲ್ಲೇ ಇದ್ದಾಳಮ್ಮ. ಎರಡು ದಿನ ನೀರಿಗೆ ಹೋಗಿ ಬಂದ್ಲು."

"ನೀನು?"

"ನಾನು ದಡದಲ್ಲಿದ್ದೆ. ಮಾತು ಕೊಟ್ಟಿದ್ನಲ್ಲ."



"ಒಬ್ಳನ್ನೇ ಕಳ್ಸುದ್ಯಾ?"

"ಕಲಿಸೋರು ಇದ್ರು ಅಮ್ಮ."

"ಅವ್ರು ಯಾರೋ ಕಣೋ. ನೀನ್ ಎಲ್ಲಿದ್ದೆ ಅಂತ ಕೇಳ್ತಿದ್ದೀನಿ. ವಿಶ್ವ ಇಳಿದಾಗ ಜೊತೇಲಿ ಒಬ್ರೂ ಇರ್ಲಿಲ್ಲ. ಇದ್ದಿದ್ರೆ ಕೈ ಹಿಡ್ದು ಎಳೀತಿದ್ರು. ಹದಿನೇಳು ವರ್ಷದಿಂದ ಅದನ್ನೇ ಅಂದ್ಕೊಂಡು ಕೂತಿದ್ದೀನಿ. ಈಗ ನೀನು ಕಟ್ಕೊಂಡೋಳನ್ನ ಒಬ್ಳನ್ನೇ ಬುಟ್ಟು ದಡದಲ್ಲಿ ಕೂತಿದ್ದೀಯಾ?"

"ಅಮ್ಮ, ನೀನೇ ಅಲ್ವಾ—"

"ನಾನೇ ತಗೊಂಡ ಮಾತು, ನಾನೇ ವಾಪಸ್ ಕೊಟ್ಟೆ. ಹೋಗು ಜೊತೆಗೆ. ಮೇಲೆ ಬಂದ ತಕ್ಷಣ ಫೋನ್ ಮಾಡು. ಅಲ್ಲೀವರ್ಗೂ ನಾನು ಇಲ್ಲಿಂದ ಏಳಲ್ಲ."

ಇಟ್ಟುಬಿಟ್ಟರು.

ಮಹಾಂತೇಶ ರಿಸೀವರ್ ಕೆಳಗಿಟ್ಟ. ನಾನು ಬೆನ್ನ ಮೇಲೆ ಕೈ ಇಟ್ಟೆ. ಆಮೇಲೆ ಹಸನ್ ಅವರ ಹತ್ತಿರ ಹೋಗಿ ರಬ್ಬರ್ ಈಜುಡುಪಿಗೆ ತನ್ನ ಅಳತೆ ಹೇಳಿದ. ಇವನು ನೀರಿಗಿಳಿದು ಐದು ತಿಂಗಳಾಗಿದೆ, ಮೊದಲು ತೀರದಲ್ಲೇ ಸ್ವಲ್ಪ ಅಭ್ಯಾಸ ಮಾಡಿಸುತ್ತಾರಂತೆ. ಈಗ ಆ ವೆಟ್‌ಸೂಟಿನೊಳಗೆ ಕಾಲು ತೂರದೆ ಒದ್ದಾಡುತ್ತಿದ್ದಾನೆ.

ಮೈಸೂರಿನಲ್ಲಿ ಈಗ ಏಳು ಗಂಟೆ. ಪೂಜೆಯ ಹೊತ್ತು. ಅತ್ತೆ ಪೂಜೆಗೂ ಏಳದೆ ಫೋನಿನ ಪಕ್ಕ ಕೂತಿರುತ್ತಾರೆ, ಖಂಡಿತ. ನಾವು ಕೆಳಗಿರುವಷ್ಟು ಹೊತ್ತು ಅವರು ಕಣ್ಣು ಮುಚ್ಚಿಕೊಂಡಿರುತ್ತಾರೋ, ತೆರೆದುಕೊಂಡಿರುತ್ತಾರೋ...

ಕೂಗುತ್ತಿದ್ದಾನೆ. ಬರೆದದ್ದು ಸಾಕು ಬಾರೇ ಅಂತ. ಆಗಲೇ ಸೊಂಟದವರೆಗೆ ನೀರಿನಲ್ಲಿ ನಿಂತಿದ್ದಾನೆ, ನಾನು ಹೊರಟೆ.